ಸತ್ತವರು ಯಾವ ಬ್ರಾಂಚು?

ನಗರಸಭೆಯ ವಿದ್ಯುತ್ ಚಿತಾಗಾರದಲ್ಲಿ ಕುಲುಮೆ ನಡೆಸುವವನನ್ನು ಬೀದಿಯವರು ಆಪರೇಟರ್ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಬೀದಿಗೆ ಕೊಟ್ಟವನೂ ಅವನೇ. ಮನೆ ಬಾಡಿಗೆಗೆ ಹಿಡಿಯುವಾಗ ಮಾಲೀಕರು "ಏನು ಕೆಲಸ?" ಎಂದು ಕೇಳಿದ್ದಕ್ಕೆ "ಆಪರೇಟರ್" ಎಂದಷ್ಟೇ ಹೇಳಿ, ಯಾವುದರ ಆಪರೇಟರ್ ಎಂಬುದನ್ನು ನುಂಗಿಕೊಂಡಿದ್ದ. ಮಾಲೀಕರು ಟೆಲಿಫೋನ್ ಎಂದುಕೊಂಡರು. ಪಕ್ಕದ ಮನೆಯವರು ಸಿನಿಮಾ ಥಿಯೇಟರ್ ಎಂದುಕೊಂಡು ಒಂದು ಭಾನುವಾರ ಟಿಕೆಟ್ ಕೇಳಿಯೂ ಬಿಟ್ಟರು. ನಿಜ ಗೊತ್ತಾದ ಮೇಲೆ ಅವರು ಟಿಕೆಟ್ ಕೇಳುವುದನ್ನು ನಿಲ್ಲಿಸಿದರು, ಸಕ್ಕರೆ ಸಾಲ ಕೇಳುವುದನ್ನೂ ನಿಲ್ಲಿಸಿದರು.

ಮನುಷ್ಯ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈಯೆತ್ತುತ್ತಿರಲಿಲ್ಲ, ಸತ್ತವರ ಕಡೆಯವರಿಂದ ಟೀ ಕಾಸು ಕೂಡ ಕೈಚಾಚಿ ಕೇಳುತ್ತಿರಲಿಲ್ಲ. ಇದ್ದದ್ದು ಒಂದೇ ಕಾಯಿಲೆ. ಯಾರಾದರೂ ಏನಾದರೂ ಕೇಳಿದರೆ "ಗೊತ್ತಿಲ್ಲ" ಎಂಬ ಒಂದು ಮಾತು ಬಿಟ್ಟು ಉಳಿದ ಯಾವ ಮಾತನ್ನಾದರೂ ಆಡಿಬಿಡುತ್ತಿದ್ದ. ದಾರಿ ಕೇಳಿದವರನ್ನು ತನಗೆ ಗೊತ್ತಿಲ್ಲದ ಊರಿಗೂ ಕಳಿಸಿದ್ದಾನೆ. ಅವರಲ್ಲಿ ಎಷ್ಟು ಜನ ತಲುಪಿದರೋ ಯಾರೂ ಬಂದು ಹೇಳಿಲ್ಲವಾದ್ದರಿಂದ, ಎಲ್ಲರೂ ಸರಿಯಾಗಿಯೇ ತಲುಪಿದ್ದಾರೆ ಎಂಬ ನಂಬಿಕೆ ಅವನಿಗಿತ್ತು.

ಈ ಕಾಯಿಲೆ ಉಲ್ಬಣಿಸಿದ್ದು ಅವನ ಷಡ್ಡಕ ಮನೆಗೆ ಬಂದ ಸಂಜೆ. ಹೆಂಡತಿಯ ತಂಗಿಯ ಗಂಡನಾದ ಈತ ಜೀವವಿಮೆಯ ಏಜೆಂಟ್. ಹಾಗೆ ನೋಡಿದರೆ ಇಬ್ಬರ ಗಿರಾಕಿಗಳೂ ಒಂದೇ, ಮೊದಲು ಅವನ ಕೈಗೆ, ಆಮೇಲೆ ಇವನ ಕೈಗೆ. ಆದರೆ ಷಡ್ಡಕನಿಗೆ ಮೋಟಾರು ಬೈಕಿತ್ತು, ಟೈ ಇತ್ತು, ಇಂಜಿನಿಯರಿಂಗ್ ಓದುತ್ತಿದ್ದ ಮಗನಿದ್ದ. ಆಪರೇಟರನ ಮಗಳು ಎರಡನೇ ಪಿಯುಸಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ ಎಂಬ ಸುದ್ದಿ ಕೇಳಿ ಅವನು ಅಭಿನಂದಿಸಲು ಬಂದಿದ್ದ. ಅಭಿನಂದಿಸುವಾಗ ಅವನ ಮುಖ ನೋಡಿದರೆ ಹಲ್ಲುನೋವಿರಬೇಕು ಎನಿಸುತ್ತಿತ್ತು.

"ಇಂಜಿನಿಯರಿಂಗ್ ಅಂತೆ? ಸಂತೋಷ ಅಣ್ಣ. ಯಾವ ಬ್ರಾಂಚು?"

ಆಪರೇಟರ್ ತಬ್ಬಿಬ್ಬಾದ. ಇಂಜಿನಿಯರಿಂಗ್ ಎಂದರೆ ಒಂದೇ, ಓದಿದರೆ ಇಂಜಿನಿಯರ್ ಆಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ಅವನು ತಿಳಿದಿದ್ದ. ಅದರೊಳಗೆ ಮತ್ತೆ ಸಿವಿಲ್ಲು, ಎಲೆಕ್ಟ್ರಿಕಲ್ಲು, ಮೆಕ್ಯಾನಿಕಲ್ಲು, ಕಂಪ್ಯೂಟರು ಎಂದು ಆರಿಸಿಕೊಳ್ಳಬೇಕು, ಒಂದು ಆರಿಸಿದರೆ ಉಳಿದವು ಕೈಬಿಟ್ಟವು ಎಂಬುದು ಅವನಿಗೆ ಗೊತ್ತಾದದ್ದು ಷಡ್ಡಕ ಬೆರಳು ಮಡಚುತ್ತಾ ಎಣಿಸತೊಡಗಿದಾಗ.

"ವಿಚಾರಣೆ ನಡೀತಾ ಇದೆ," ಎಂದ ಆಪರೇಟರ್ ಗಂಭೀರವಾಗಿ.

"ಯಾರ ಹತ್ರ ವಿಚಾರಿಸ್ತಿದೀರಿ?"

"ಇಂಜಿನಿಯರ್‌ಗಳ ಹತ್ರಾನೇ. ದಿನಾ ಒಬ್ಬರಾದ್ರೂ ನಮ್ಮಲ್ಲಿಗೆ ಬರ್ತಾರೆ."

ಬಾಗಿಲಲ್ಲಿ ನಿಂತಿದ್ದ ಮಗಳು "ಅಪ್ಪ, ಅದರ ಬಗ್ಗೆ ನಾನು ಒಂದು..." ಎಂದು ಶುರು ಮಾಡಿದಳು.

"ನೀನು ಒಳಗೆ ಹೋಗಮ್ಮ. ಚಿಕ್ಕಪ್ಪನ ಹತ್ರ ಮಾತಾಡ್ತಿದೀನಿ."

ಆಡಿದ ಮಾತಿಗೆ ತಪ್ಪಬಾರದಲ್ಲ. ಮರುದಿನದಿಂದಲೇ ಆಪರೇಟರ್ ವಿಚಾರಣೆ ಪ್ರಾರಂಭಿಸಿದ. ದೇಹವನ್ನು ಒಳಗೆ ಕಳಿಸಿದ ಮೇಲೆ ಬಂಧುಗಳು ಬೂದಿಗಾಗಿ ಕಾಯುವ ಕೋಣೆಯೊಂದಿತ್ತು. ಸಿಮೆಂಟಿನ ಬೆಂಚುಗಳು, ಒಂದು ಕಡೆಗೆ ವಾಲಿದ ಫ್ಯಾನು, ನೀರಿನ ಡ್ರಮ್ಮು, ಅದಕ್ಕೆ ಸರಪಳಿ ಹಾಕಿ ಬಿಗಿದ ಲೋಟ. ಅಲ್ಲಿ ಕೂತವರಿಗೆ ಮಾಡಲು ಕೆಲಸವಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಪ್ರಶ್ನೆ ಕೇಳುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಆಪರೇಟರ್ ಕೈ ಕಟ್ಟಿಕೊಂಡು ಹೋಗಿ ಮೆಲ್ಲಗೆ ಕೇಳುತ್ತಿದ್ದ: "ಇಂಜಿನಿಯರಾ? ಯಾವ ಬ್ರಾಂಚು?"

ಬದುಕಿರುವ ಇಂಜಿನಿಯರನ್ನು ನೋಡಿದರೆ ಏನೂ ತಿಳಿಯುವುದಿಲ್ಲ, ಎಲ್ಲರೂ ಇನ್ನೊಂದು ಬ್ರಾಂಚಿನವರೇ ಸುಖವಾಗಿದ್ದಾರೆ ಎನ್ನುತ್ತಾರೆ ಎಂಬುದು ಅವನ ವಾದ. ಸತ್ತವರ ವಿಷಯ ಹಾಗಲ್ಲ. ಅವರ ಲೆಕ್ಕ ಮುಗಿದಿರುತ್ತದೆ. ಎಷ್ಟು ವರ್ಷ ಬದುಕಿದರು, ಎಷ್ಟು ಜನ ಬಂದರು, ಬಂದವರಲ್ಲಿ ಅತ್ತವರೆಷ್ಟು, ಹೊರಗೆ ನಿಂತು ಫೋನಿನಲ್ಲಿ ಮಾತಾಡಿದವರೆಷ್ಟು, ಎಲ್ಲ ಕಣ್ಣೆದುರಿಗೇ ಇರುತ್ತದೆ. ಇಷ್ಟು ಖಚಿತವಾದ ಸಂಶೋಧನೆಯನ್ನು ಯಾವ ವಿಶ್ವವಿದ್ಯಾಲಯವೂ ಕೈಗೊಂಡಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೈಗೊಳ್ಳದೆ ಇದ್ದುದಕ್ಕೆ ಕಾರಣವೂ ಇರಬಹುದು.

ಮೊದಲು ಸಿಕ್ಕವರು ಒಬ್ಬ ಸಿವಿಲ್ ಇಂಜಿನಿಯರ್. ರಸ್ತೆಯ ತುದಿಯವರೆಗೆ ಕಾರುಗಳು ನಿಂತವು. ಆಪರೇಟರನಿಗೆ ಖುಷಿಯೋ ಖುಷಿ. ಆದರೆ ಬಂದವರೆಲ್ಲ ಗುತ್ತಿಗೆದಾರರು. ಹೆಂಡತಿಯೊಬ್ಬಳನ್ನು ಬಿಟ್ಟು ಇನ್ಯಾರೂ ಅಳಲಿಲ್ಲ. ಅಷ್ಟರಲ್ಲಿ ಮಳೆ ಬಂದು ಕೋಣೆಯ ಮಾಳಿಗೆ ಸೋರತೊಡಗಿತು. "ಯಾವ ಕಳ್ಳನನ್ಮಗ ಕಟ್ಟಿಸಿದ್ದು ಇದನ್ನ?" ಎಂದು ಒಬ್ಬ ಗುತ್ತಿಗೆದಾರ ಅಂಗಿ ಕೊಡವಿಕೊಂಡ. ಕಟ್ಟಿಸಿದವರು ಕುಲುಮೆಯೊಳಗಿದ್ದರು.

ಎರಡನೆಯವರು ಎಲೆಕ್ಟ್ರಿಕಲ್. ವಿದ್ಯುತ್ ಇಲಾಖೆಯ ಸಿಬ್ಬಂದಿ ಪೂರ್ತಿಯಾಗಿ ಬಂದಿದ್ದರು, ಕೆಲವರು ನಿಜವಾಗಿಯೂ ಅತ್ತರು. ಇದೇ ಸರಿಯಾದ ಬ್ರಾಂಚು ಎಂದು ಆಪರೇಟರ್ ತೀರ್ಮಾನಿಸುವುದರೊಳಗೆ ಕರೆಂಟ್ ಹೋಯಿತು. ದೇಹ ಅರ್ಧ ದಾರಿಯಲ್ಲಿ ಉಳಿಯಿತು. ಇಲಾಖೆಗೆ ಇಲಾಖೆಯೇ ಕೋಣೆಯಲ್ಲಿ ನಿಂತು ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿದರು. ಫೋನು ಎತ್ತಿದವರೂ ಅದೇ ಕೋಣೆಯಲ್ಲಿದ್ದರು. ಕತ್ತಲಲ್ಲಿ ವಿಧವೆ ಕೇಳಿದಳು, "ಇವರು ಮನೇಲೂ ಹೀಗೇ, ಯಾವುದನ್ನೂ ಪೂರ್ತಿ ಮಾಡ್ತಿರ್ಲಿಲ್ಲ. ಇನ್ನೂ ಎಷ್ಟು ಹೊತ್ತಾಗುತ್ತಪ್ಪ?"

ಮೂರನೆಯವನು ಕಂಪ್ಯೂಟರ್. ವಯಸ್ಸು ಆಪರೇಟರನಿಗಿಂತ ಕಡಿಮೆ. ಬಂದವರು ಬೆರಳೆಣಿಕೆಯಷ್ಟು ಜನ, ಉಳಿದವರು ಫೋನಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಹಾಜರಿದ್ದರು. ಫೋನು ಹಿಡಿದ ಬಂಧು ಅದನ್ನು ಎತ್ತಿ ಎತ್ತಿ ತೋರಿಸುತ್ತಿದ್ದ. ಸತ್ತವನ ಪುಟ್ಟ ಮಗಳು ಹೊಸ್ತಿಲ ಬಳಿ ದೊಡ್ಡವರ ಚಪ್ಪಲಿಗಳನ್ನು ಜೋಡಿಸಿ ರೈಲು ಮಾಡಿ ಆಡುತ್ತಿದ್ದಳು. ಆಪರೇಟರನಿಗೆ ಆ ದಿನ ಊಟ ಸೇರಲಿಲ್ಲ. ಕಂಪ್ಯೂಟರ್ ಬೇಡವೇ ಬೇಡ ಎಂದುಕೊಂಡ.

ನಾಲ್ಕನೆಯವರು ಮೆಕ್ಯಾನಿಕಲ್. ತೊಂಬತ್ತರ ಹತ್ತಿರದ ವಯಸ್ಸು. ಕೊನೆಯವರೆಗೂ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರಂತೆ, ಹಲ್ಲು ಕೂಡ ಸ್ವಂತದ್ದೇ ಅಂತೆ. ಅವರ ತಮ್ಮನ ಮಗ, ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದವನು, ತಾನೂ ದಪ್ಪ ಕನ್ನಡಕ ಹಾಕಿದ್ದವನು, ತನ್ನ ಮಗನನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಆಪರೇಟರ್ ವಾಡಿಕೆಯಂತೆ ವಿಚಾರಿಸಿದ.

"ದೊಡ್ಡಪ್ಪ ಮೆಕ್ಯಾನಿಕಲ್ಲು. ಯಾಕೆ ಕೇಳಿದ್ರಿ?"

"ನನ್ನ ಮಗಳಿಗೆ ಬ್ರಾಂಚು ನೋಡ್ತಿದೀನಿ ಸಾರ್. ಈ ಸಲ ಸೇರ್ಸಬೇಕು."

ಕನ್ನಡಕದಂಗಡಿಯವನು ಎದ್ದು ಆಪರೇಟರನ ಕೈ ಹಿಡಿದುಕೊಂಡ. "ನಂಗೂ ಅದೇ ಚಿಂತೆ ನೋಡಿ! ಇವನೂ ಈ ವರ್ಷಾನೇ. ಕೇಳಿದ ಕಡೆಯೆಲ್ಲ ಒಂದೊಂದು ಹೇಳ್ತಾರೆ. ನೀವು ಇಷ್ಟು ಜನರನ್ನ ಕೊನೇವರೆಗೂ ನೋಡಿದೋರು. ನೀವು ಹೇಳಿ, ಯಾವುದು ಹಾಕ್ಸಲಿ?"

ಆಪರೇಟರನ ಸಲಹೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಪರದೆಯ ಬಟ್ಟೆಯ ಬಣ್ಣಕ್ಕೂ ಅವನ ಅಭಿಪ್ರಾಯ ನಡೆಯುತ್ತಿರಲಿಲ್ಲ. ಈಗ ಕನ್ನಡಕದಂಗಡಿಯ ಮಾಲೀಕ, ಕಾರಿನಲ್ಲಿ ಬಂದವನು, ಕೈ ಹಿಡಿದು ಕೇಳುತ್ತಿದ್ದಾನೆ. ಅವನ ಎದೆ ಉಬ್ಬಿತು.

"ಕಣ್ಣು ಮುಚ್ಕೊಂಡು ಮೆಕ್ಯಾನಿಕಲ್ ಹಾಕ್ಸಿ ಸಾರ್. ಆಯಸ್ಸು ಗಟ್ಟಿ. ನಿಮ್ಮ ದೊಡ್ಡಪ್ಪನ್ನೇ ನೋಡಿ."

ಗೋಡೆಗೊರಗಿ ನಿಂತಿದ್ದ ಹುಡುಗ ತಲೆಯೆತ್ತಿದ. ಉದ್ದನೆಯ ಹುಡುಗ, ಮೀಸೆ ಈಗಷ್ಟೇ ಮೂಡುತ್ತಿತ್ತು. "ಅಂಕಲ್, ನಂಗೆ ಅದು ಅಷ್ಟು..."

"ನೀನು ಸುಮ್ನಿರೋ. ದೊಡ್ಡೋರು ಹೇಳ್ತಿದಾರೆ," ಎಂದ ಅಪ್ಪ.

"ಅನುಭವದ ಮಾತು ಕೇಳು ಮಗು," ಎಂದು ಆಪರೇಟರನೂ ಸೇರಿಸಿದ.

ಹುಡುಗ ಬಾಯಿ ಮುಚ್ಚಿಕೊಂಡು ಹೋಗಿ ಸರಪಳಿಯ ಲೋಟದಲ್ಲಿ ನೀರು ಹಿಡಿದ. ಲೋಟ ಬೆಂಚಿನವರೆಗೆ ಬರುವುದಿಲ್ಲವೆಂದು ನೋಡಿ, ಅಲ್ಲಿದ್ದ ಮುದುಕಿಯನ್ನು ತೋಳು ಹಿಡಿದು ಡ್ರಮ್ಮಿನ ಹತ್ತಿರಕ್ಕೇ ನಡೆಸಿಕೊಂಡು ಬಂದು ಕುಡಿಸಿದ.

ಆ ಸಂಜೆ ಊಟಕ್ಕೆ ಕೂತಾಗ ಆಪರೇಟರ್ ತನ್ನ ಸಂಶೋಧನೆಯ ಫಲಿತಾಂಶವನ್ನು ಪ್ರಕಟಿಸಿದ. ಸಿವಿಲ್ಲಿಗೆ ಜನ ಬರುತ್ತಾರೆ, ಅಳುವುದಿಲ್ಲ. ಎಲೆಕ್ಟ್ರಿಕಲ್ಲಿಗೆ ಅಳುತ್ತಾರೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕಂಪ್ಯೂಟರಿಗೆ ಆಯಸ್ಸಿಲ್ಲ. ಮೆಕ್ಯಾನಿಕಲ್ ಒಂದೇ ಎಲ್ಲ ರೀತಿಯಲ್ಲೂ ಚೆನ್ನಾಗಿದೆ.

ಹೆಂಡತಿ ಸೌಟು ಕೆಳಗಿಟ್ಟು ಅವನನ್ನೇ ನೋಡಿದಳು. "ನನ್ನ ಮಗಳು ಓದಿ ಬದುಕೋಕೆ ಹೋಗ್ತಾಳೋ, ಸಾಯೋಕೆ ಹೋಗ್ತಾಳೋ? ಅದನ್ನ ಮೊದ್ಲು ಹೇಳಿ."

"ನಿಂಗೆ ಅರ್ಥ ಆಗಲ್ಲ ಬಿಡು."

"ಅಪ್ಪ," ಎಂದಳು ಮಗಳು, "ನನ್ನನ್ನೂ ಒಂದು..."

"ಆಯ್ತಲ್ಲಮ್ಮ. ಮೆಕ್ಯಾನಿಕಲ್. ಮುಗೀತು."

ಮಗಳು ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಅದನ್ನು ಅವನು ಒಪ್ಪಿಗೆ ಎಂದು ತಿಳಿದ. ಅವನ ಕೆಲಸದಲ್ಲಿ ಒಳಗೆ ಹೋದವರು ಯಾರೂ ಇದುವರೆಗೆ ತಕರಾರು ತೆಗೆದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ವಿಷಯ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಪ್ರಶ್ನೆ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಕೆಲವು ದಿನಗಳ ಮೇಲೆ ಪಾತ್ರೆ ವ್ಯಾಪಾರಿಯೊಬ್ಬನ ದೇಹ ಬಂದಾಗಲೂ ಆಪರೇಟರ್ ಅಭ್ಯಾಸಬಲದಿಂದ "ಯಾವ ಬ್ರಾಂಚು?" ಎಂದ. ವ್ಯಾಪಾರಿಗೆ ಮೂವರು ಗಂಡುಮಕ್ಕಳು, ಮೂವರೂ ಹಂಡೆಯ ಗಾತ್ರದವರು. ದುಃಖದಲ್ಲಿದ್ದರು, ಮೇಲಾಗಿ ಅಣ್ಣತಮ್ಮಂದಿರಿಗೆ ಆಗಲೇ ಅಂಗಡಿಯ ವಿಷಯಕ್ಕೆ ಮಾತು ಬೆಳೆದಿತ್ತು. ಹಿರಿಯನು ಮುಂದೆ ಬಂದ.

"ನಮ್ಮಪ್ಪ ಇಂಜಿನಿಯರ್ ಅಲ್ಲ. ಅದನ್ಯಾಕೆ ಕೇಳ್ತಿದೀಯ?"

ಮಗಳ ಓದಿಗೆ ಎಂದು ಹೇಳಿಬಿಟ್ಟಿದ್ದರೆ ಒಂದು ಏಟು ಬೀಳುತ್ತಿತ್ತೇನೋ, ಅಷ್ಟಕ್ಕೇ ಮುಗಿಯುತ್ತಿತ್ತು. ಆ ಕೆಂಪು ಕಣ್ಣುಗಳೆದುರು ಆಪರೇಟರನ ಬಾಯಿಂದ ಬಂದದ್ದು ಬೇರೆ.

"ಮಿಷನ್ನಿನ ಬಿಸಿ ಹೊಂದಿಸೋದಕ್ಕೆ ಸಾರ್."

"ಅಂದ್ರೆ?"

"ಇಂಜಿನಿಯರ್‌ಗಳಿಗೆ ಸ್ವಲ್ಪ ಜಾಸ್ತಿ ಬೇಕಾಗುತ್ತೆ."

"ಯಾಕೆ ಜಾಸ್ತಿ?"

"ಓದಿರ್ತಾರಲ್ಲ. ತಲೆ ಗಟ್ಟಿಯಾಗಿರುತ್ತೆ."

"ನಮ್ಮಪ್ಪಂದು ಮೆತ್ತಗಿತ್ತು ಅಂತಿದೀಯಾ?" ಎಂದು ನಡುವಿನವನು ಅಂಗಿಯ ತೋಳು ಮಡಚಿದ.

ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡದೆ ಇದ್ದ ಅಣ್ಣತಮ್ಮಂದಿರು ಈ ಅವಮಾನದಿಂದ ಒಂದಾದರು. "ಇಂಜಿನಿಯರ್‌ಗೆ ಏನು ಬಿಸಿ ಹಾಕ್ತೀಯೋ ಅದೇ ಹಾಕು. ಒಂದು ಡಿಗ್ರಿ ಕಡಿಮೆಯಾದ್ರೂ ನೋಡು," ಎಂದ ಕಿರಿಯವನು. ಆಪರೇಟರ್ ಒಳಗೆ ಹೋಗಿ, ಇದ್ದ ಒಂದೇ ಸ್ವಿಚ್ಚನ್ನು ಒತ್ತಿ, ಹೊರಗೆ ಬಂದು "ಪೂರ್ತಿ ಹಾಕಿದೀನಿ" ಎಂದ. ಮೂವರೂ ಸಮಾಧಾನದಿಂದ ಕೂತು ಅಳತೊಡಗಿದರು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಚಿತಾಗಾರದಲ್ಲಿ ಇಂಜಿನಿಯರ್‌ಗಳಿಗೆ ಒಂದು ಬಿಸಿ, ಉಳಿದವರಿಗೆ ಇನ್ನೊಂದು ಎಂದು ಕ್ಷೌರದ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಾತಾಯಿತು. ಜನ ಸತ್ತವರ ಜೊತೆಗೆ ಅವರ ಸರ್ಟಿಫಿಕೇಟುಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರತೊಡಗಿದರು. ಡಿಪ್ಲೊಮಾ ಮಾಡಿದವರನ್ನು ಡಿಗ್ರಿಯವರ ಸಮ ಹಿಡಿಯಬೇಕೆಂದು ಒಂದು ದಿನ ಗಲಾಟೆಯಾಯಿತು. ಒಬ್ಬ ನಿವೃತ್ತ ಮೇಷ್ಟರ ಮಗ, "ಇಂಜಿನಿಯರ್‌ಗಳಿಗೆಲ್ಲ ಗಣಿತ ಹೇಳ್ಕೊಟ್ಟಿದ್ದೇ ನಮ್ಮಪ್ಪ. ಅವರಿಗೆ ಎಷ್ಟು ಬಿಸಿ, ನೀವೇ ಯೋಚನೆ ಮಾಡಿ" ಎಂದು ನ್ಯಾಯ ಕೇಳಿದ. ಒಬ್ಬಳು ಹೆಂಗಸು ಮಾತ್ರ ಏನನ್ನೂ ಕೇಳಲಿಲ್ಲ. "ನಮ್ಮಮ್ಮ ಜೀವಮಾನ ಪೂರ್ತಿ ಒಲೆ ಮುಂದೆ ನಿಂತೋಳು. ಅವಳಿಗೆ ಯಾವ ಬಿಸಿಯಾದ್ರೂ ನಡಿಯುತ್ತೆ," ಎಂದಳು. ಆಪರೇಟರ್ ತಲೆ ತಗ್ಗಿಸಿ ಒಳಗೆ ಹೋದ. ಅವತ್ತೇ ಎಲ್ಲರಿಗೂ ನಿಜ ಹೇಳಿಬಿಡಬೇಕೆಂದು ಅವನಿಗೆ ಬಲವಾಗಿ ಅನಿಸಿತು. ಅನಿಸಿದ್ದು ಸಂಜೆಯ ಹೊತ್ತಿಗೆ ತಣ್ಣಗಾಯಿತು.

ಕೊನೆಗೆ ಪಾತ್ರೆ ವ್ಯಾಪಾರಿಯ ಮಕ್ಕಳು ನಗರಸಭೆಗೆ ಅರ್ಜಿ ಹಾಕಿದರು. ಆರೋಗ್ಯಾಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ದಪ್ಪನೆಯ ಮನುಷ್ಯ. ಸ್ಮಶಾನದ ಖಾತೆ ತಮ್ಮದು ಎಂಬುದೇ ಅವರಿಗೆ ಅರ್ಜಿ ಬಂದ ಮೇಲೆ ಗೊತ್ತಾಗಿತ್ತು. ಹಿಂದೆ ಫೈಲು ಹಿಡಿದ ಗುಮಾಸ್ತ, ಅವನ ಹಿಂದೆ ಹಂಡೆ ಗಾತ್ರದ ಮೂವರು.

"ಏನ್ರೀ ಇದು? ಬ್ರಾಂಚ್ ಪ್ರಕಾರ ಬಿಸಿ ಹಾಕ್ತೀರಂತೆ?"

ಆಪರೇಟರ್ ಕೆಲಸ ಹೋಯಿತು ಎಂದುಕೊಂಡ. ಕೆಲಸ ಹೋದರೆ ಮಗಳ ಓದೂ ಹೋಯಿತು. "ಸಾರ್, ಅದು ಏನಾಯ್ತು ಅಂದ್ರೆ..." ಎಂದು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ.

ಅಧಿಕಾರಿಗಳು ಕೈಯೆತ್ತಿ ತಡೆದರು. ದೈವಲೀಲೆ ನೋಡಿ, ಅವರಿಗೂ ಆಪರೇಟರನ ಕಾಯಿಲೆಯೇ ಇತ್ತು. ಇಷ್ಟು ಜನರ ಎದುರು ಒಬ್ಬ ಕುಲುಮೆಯವನಿಂದ ಪಾಠ ಹೇಳಿಸಿಕೊಳ್ಳುವುದು ಅವರಿಗೆ ಆಗುವ ಮಾತಲ್ಲ. "ಗೊತ್ತು, ಗೊತ್ತು. ತಾಂತ್ರಿಕ ವಿಷಯ. ನಂಗೆ ಗೊತ್ತಿಲ್ದೆ ಇರೋದಾ? ಎಲ್ಲಾ ದೇಶದಲ್ಲೂ ಹೀಗೇ ಮಾಡೋದು. ಆದ್ರೆ ನೀವು ಕೆಲವರನ್ನ ಕೇಳಿ ಕೆಲವರನ್ನ ಬಿಡ್ತೀರಲ್ಲ, ಅದು ತಾರತಮ್ಯ. ಎಲ್ಲರನ್ನೂ ಕೇಳಬೇಕು."

ಮರುದಿನವೇ ಸುತ್ತೋಲೆ ಬಂತು. ಅದನ್ನು ಕಾಯುವ ಕೋಣೆಯ ಗೋಡೆಗೆ ಅಂಟಿಸಲಾಯಿತು. "ಇನ್ನು ಮುಂದೆ ಪ್ರತಿಯೊಂದು ಶವದ ಬ್ರಾಂಚನ್ನು ವಾರಸುದಾರರಿಂದ ಕಡ್ಡಾಯವಾಗಿ ಕೇಳತಕ್ಕದ್ದು. ಕೇಳದೆ ಕುಲುಮೆಯ ಬಾಗಿಲನ್ನು ತೆರೆಯತಕ್ಕದ್ದಲ್ಲ. ಇಂಜಿನಿಯರ್ ಅಲ್ಲದವರನ್ನು ಇತರೆ ಎಂದು ಪರಿಗಣಿಸತಕ್ಕದ್ದು." ಹೀಗೆ ಒಬ್ಬ ಅಪ್ಪನ ಸಣ್ಣ ಬುರುಡೆ ಸರಕಾರದ ನಿಯಮವಾಯಿತು. ಮನುಕುಲದ ಬಹುಪಾಲು ಜನ ಆ ಊರಿನಲ್ಲಿ ಇತರೆ ಎಂದು ಹೊರಟುಹೋದರು.

ಷಡ್ಡಕ ಓಡಿಬಂದ. ಈ ಸಲ ಅವನಿಗೆ ಹಲ್ಲುನೋವಿರಲಿಲ್ಲ. "ಅಣ್ಣ, ನಿಮ್ಮ ಪ್ರಶ್ನೆ ಸರಕಾರಿ ಆಯ್ತಲ್ಲ! ನನ್ನ ಗಿರಾಕಿಗಳೆಲ್ಲ ನಿಮ್ಮನ್ನ ಭೇಟಿ ಮಾಡಿಸು ಅಂತಿದಾರೆ. ಮಕ್ಕಳಿಗೆ ಬ್ರಾಂಚು ಕೇಳೋದಕ್ಕೆ." ಮೂರು ನಾಲ್ಕು ತಂದೆತಾಯಿಗಳು ಬಂದರು ಕೂಡ. ಆಪರೇಟರ್ ಕುರ್ಚಿ ಹಾಕಿಸಿ ಕೂರಿಸಿ, ಎಲ್ಲರಿಗೂ ಮೆಕ್ಯಾನಿಕಲ್ ಎಂದ. ಮಕ್ಕಳನ್ನು ಯಾರೂ ಕರೆತಂದಿರಲಿಲ್ಲ, ಅವನೂ ಕೇಳಲಿಲ್ಲ. ಮಗಳು ಎಲ್ಲರಿಗೂ ಟೀ ತಂದುಕೊಟ್ಟಳು. ಅವಳ ಫಾರಂ ಸಲ್ಲಿಸಲು ಮರುದಿನ ಕೊನೆಯ ದಿನ. ಅದನ್ನು ಸೈಬರ್ ಸೆಂಟರಿನಲ್ಲಿ ತುಂಬಿಸಬೇಕಿತ್ತು. ಒಂದು ಸಲ ಒತ್ತಿದರೆ ಮತ್ತೆ ಬದಲಾಯಿಸುವ ಹಾಗಿಲ್ಲ.

"ನಾಳೆ ಸಂಜೆ ಕೆಲಸ ಮುಗಿಸ್ಕೊಂಡು ಬರ್ತೀನಿ. ನಾನೇ ಕೂತು ಹಾಕಿಸ್ತೀನಿ," ಎಂದ ಆಪರೇಟರ್.

"ನೀವೇ ಹಾಕ್ಸಿ ಅಪ್ಪ," ಎಂದಳು ಮಗಳು. ಅವಳು ಈಗ ಏನನ್ನೂ ಶುರು ಮಾಡುತ್ತಿರಲಿಲ್ಲ.

ಮರುದಿನ ಅಧಿಕಾರಿಗಳು ತಮ್ಮ ಸುತ್ತೋಲೆ ಹೇಗೆ ಜಾರಿಯಾಗಿದೆ ನೋಡಲು ಗುಮಾಸ್ತನೊಡನೆ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ವ್ಯಾನು ಬಂತು. ಅದರ ಹಿಂದೆ ಹದಿನೇಳು ಹದಿನೆಂಟರ ಪ್ರಾಯದ ಮಕ್ಕಳು ಸೈಕಲ್ಲುಗಳನ್ನು ತಳ್ಳಿಕೊಂಡು ಬಂದರು. ಅಷ್ಟು ಮಕ್ಕಳಿದ್ದೂ ಅಷ್ಟು ನಿಶ್ಶಬ್ದವಾಗಿದ್ದುದನ್ನು ಆಪರೇಟರ್ ಎಂದೂ ಕಂಡಿರಲಿಲ್ಲ.

ಮುಂದೆ ನಡೆದು ಬಂದವನ ಗುರುತು ಅವನಿಗೆ ತಕ್ಷಣ ಸಿಗಲಿಲ್ಲ. ಕನ್ನಡಕವಿಲ್ಲದ ಆ ಮುಖ ಬೇರೆ ಯಾರದೋ ಎಂಬಂತಿತ್ತು. ಹತ್ತಿರ ಬಂದು ನಿಂತಾಗ ಗೊತ್ತಾಯಿತು. ಕನ್ನಡಕದಂಗಡಿಯವನು. ಆಪರೇಟರ್ ಸ್ಟ್ರೆಚರಿನ ಕಡೆ ನೋಡಿದ. ಹೊದಿಸಿದ ಬಟ್ಟೆ ಸಾಲದೆ ಉದ್ದನೆಯ ಪಾದಗಳು ಹೊರಗೆ ಬಂದಿದ್ದವು.

"ಹೂಂ, ಕೇಳ್ರೀ," ಎಂದರು ಅಧಿಕಾರಿಗಳು ಕುರ್ಚಿಯಿಂದಲೇ.

ಆಪರೇಟರನ ನಾಲಿಗೆಗೆ ಅಂಟಿಕೊಂಡಿದ್ದ ಪ್ರಶ್ನೆ ಈಗ ಕಿತ್ತರೂ ಬರಲೊಲ್ಲದು.

"ಏನ್ರೀ, ನಿಯಮ ಗೊತ್ತಿಲ್ವಾ? ನಾನೇ ಕೇಳ್ತೀನಿ ಬಿಡಿ." ಅಧಿಕಾರಿಗಳು ಎದ್ದು ಬಂದು ಅಂಗಿ ಸರಿಮಾಡಿಕೊಂಡರು. "ಮೃತರ ಬ್ರಾಂಚ್ ಯಾವುದು?"

ಕನ್ನಡಕದಂಗಡಿಯವನು ಅವರ ಕಡೆ ನೋಡಲಿಲ್ಲ. ಆಪರೇಟರನಿಗೇ ಹೇಳಿದ. "ನಿನ್ನೆ ಫಾರಂ ಹಾಕೋದಕ್ಕೆ ಹೊರಟಿದ್ವಿ. ನಂಗೆ ಅದು ಬೇಡ ಅಪ್ಪ ಅಂದ. ಒಂದ್ಸಲ ನನ್ನನ್ನ ಕೇಳಿ ಅಂದ. ನೀವು ಹೇಳಿದ್ದನ್ನೇ ಹೇಳ್ದೆ ನಾನು. ಆಯಸ್ಸು ಗಟ್ಟಿ ಕಣೋ, ಸುಮ್ನೆ ಹಾಕು ಅಂದೆ. ಸಿಟ್ಟು ಮಾಡ್ಕೊಂಡು ಸ್ಕೂಟರ್ ತಗೊಂಡು ಹೊರಟೋದ. ಕ್ರಾಸಿನ ಹತ್ರ ಲಾರಿ ಬರ್ತಿತ್ತು. ನೋಡ್ಲಿಲ್ವೋ ಏನೋ."

ಮಕ್ಕಳಲ್ಲಿ ಯಾರೋ ಬಿಕ್ಕಿದರು.

"ಅವನಿಗೆ ಏನು ಬೇಕಿತ್ತು ಸಾರ್?" ಎಂದ ಆಪರೇಟರ್. ಇಷ್ಟು ದಿನ ಕೇಳಿದ ನೂರು ಪ್ರಶ್ನೆಗಳಲ್ಲಿ ಉತ್ತರ ಬೇಕೆಂದು ಕೇಳಿದ್ದು ಇದೊಂದನ್ನೇ.

"ಗೊತ್ತಿಲ್ಲ," ಎಂದ ಕನ್ನಡಕದಂಗಡಿಯವನು. "ನಾನು ಕೇಳ್ಲೇ ಇಲ್ಲ."

ಗುಮಾಸ್ತ ಪೆನ್ನು ಹಿಡಿದು ಅಧಿಕಾರಿಗಳ ಮುಖ ನೋಡಿದ. ಅಧಿಕಾರಿಗಳು, ಸುಮ್ಮನಿರುವುದು ತಮ್ಮ ಹುದ್ದೆಗೆ ಸಲ್ಲದೆಂದು ನೆನಪಾದವರಂತೆ, ಕೆಮ್ಮಿದರು. "ಗೊತ್ತಿಲ್ಲ ಅಂದ್ರೆ ಹೇಗೆ? ಇವನೂ ಇತರೇನಾ? ಬಿಸಿ ಎಷ್ಟು ಇಡೋದು?"

"ಒಂದೇ ಸಾರ್," ಎಂದ ಆಪರೇಟರ್.

"ಏನು ಒಂದೇ?"

"ಬಿಸಿ ಎಲ್ಲರಿಗೂ ಒಂದೇ. ಒಳಗಿರೋದು ಒಂದೇ ಸ್ವಿಚ್ಚು. ಒತ್ತಿದ್ರೆ ಉರಿಯುತ್ತೆ, ಬಿಟ್ರೆ ಆರುತ್ತೆ. ಬ್ರಾಂಚು ಗೀಂಚು ಏನೂ ಇಲ್ಲ ಸಾರ್. ನಾನು ಸುಳ್ಳು ಹೇಳ್ದೆ. ನಂಗೆ ಏನೂ ಗೊತ್ತಿರ್ಲಿಲ್ಲ. ಇವರಿಗೆ ಹೇಳ್ದಾಗಲೂ ಗೊತ್ತಿರ್ಲಿಲ್ಲ."

ಅವನು ಕನ್ನಡಕದಂಗಡಿಯವನ ಕಾಲ ಬಳಿ ಕುಸಿದು ಕೂತ. ಬೈದರೆ ಬೈಸಿಕೊಳ್ಳೋಣ, ಹೊಡೆದರೆ ಹೊಡೆಸಿಕೊಳ್ಳೋಣ ಎಂದು ಕಾದ. ಆತ ಬೈಯಲಿಲ್ಲ, ಹೊಡೆಯಲೂ ಇಲ್ಲ. ಬಗ್ಗಿ, ಮಗನ ಪಾದದ ಮೇಲೆ ಬಟ್ಟೆ ಎಳೆಯಲು ನೋಡಿದ. ಕೆಳಗೆ ಎಳೆದರೆ ಮುಖ ಬಯಲಾಗುತ್ತಿತ್ತು, ಮೇಲೆ ಎಳೆದರೆ ಪಾದ.

ಅಧಿಕಾರಿಗಳು ಸುತ್ತಲೂ ನೋಡಿದರು. "ನಂಗೆ ಇದು ಮೊದ್ಲೇ ಗೊತ್ತಿತ್ತು," ಎಂದು ಗುಮಾಸ್ತನಿಗೆ ಕೇಳುವಂತೆ ಹೇಳಿ, ಗೋಡೆಯ ಮೇಲಿನ ಸುತ್ತೋಲೆಯನ್ನು ತಾವೇ ಕಿತ್ತು, ಮಡಚಿ ಜೇಬಿನಲ್ಲಿಟ್ಟುಕೊಂಡು ಜೀಪು ಹತ್ತಿದರು.

ಆಪರೇಟರ್ ಎದ್ದು ಒಳಗೆ ಹೋಗಿ ತನ್ನ ಶಾಲು ತಂದು ಆ ಪಾದಗಳಿಗೆ ಹೊದಿಸಿದ. ಬಾಗಿಲು ತೆರೆದ. ಹುಡುಗನನ್ನು ಒಳಗೆ ಕಳಿಸಿದ. ಸ್ವಿಚ್ಚು ಒತ್ತಿದ. ಆಮೇಲೆ ಕಾಯುವ ಕೋಣೆಗೆ ಹೋಗದೆ ಕುಲುಮೆಯ ಹಿಂದಿನ ಗೋಡೆಗೆ ಹಣೆಯಿಟ್ಟು, ಅಪರಿಚಿತರ ಮಗನಿಗಾಗಿ ತನ್ನ ಸೇವಾವಧಿಯಲ್ಲಿ ಮೊದಲ ಸಲ ಅತ್ತ.

ಮನೆಗೆ ಬಂದಾಗ ಸಂಜೆಯ ದೀಪ ಹಾಕಿದ್ದರು. ಷಡ್ಡಕ ಬೈಕಿನ ಕೀಲಿ ತಿರುಗಿಸುತ್ತಾ ಜಗಲಿಯ ಮೇಲೆ ಕೂತಿದ್ದ. "ಎಲ್ಲಿ ಹೋಗಿದ್ರಿ ಅಣ್ಣ? ಸೈಬರ್ ಸೆಂಟರ್ ಮುಚ್ಚಿಬಿಡ್ತಾನೆ. ನಡೀರಿ, ನಾನೇ ಕರ್ಕೊಂಡು ಹೋಗಿ ಮೆಕ್ಯಾನಿಕಲ್ ಒತ್ತಿಸಿ ಬರ್ತೀನಿ."

ಆಪರೇಟರ್ ಅವನನ್ನು ದಾಟಿಕೊಂಡು ಒಳಗೆ ಹೋದ. ಹೆಂಡತಿ ಅವನ ಮುಖ ನೋಡಿ, ಕೇಳಬೇಕೆಂದಿದ್ದ ಮಾತನ್ನು ಕೇಳದೆ ಪಕ್ಕಕ್ಕೆ ಸರಿದಳು. ಮಗಳು ಆಗಲೇ ತಲೆ ಬಾಚಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು, ಕರೆದ ಕೂಡಲೇ ಏಳಲು ತಯಾರಾಗಿ.

ಅವನು ಅವಳ ಎದುರು ನೆಲದ ಮೇಲೆ ಕೂತ. ಕೊನೆಗೆ ಕೇಳಿದ:

"ಮಗಳೇ, ನಿಂಗೆ... ನಿಂಗೆ ಏನು ಓದ್ಬೇಕು ಅಂತಿದೆ?"

ಮಗಳು ಅಪ್ಪನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಅವಳ ಮುಖದಲ್ಲಿ ಸಂತೋಷದ ಬದಲು ಹೆದರಿಕೆ ಕಾಣಿಸಿಕೊಂಡಿತು.

"ಯಾಕಪ್ಪ?" ಎಂದಳು. "ಇವತ್ತು ಯಾರು ಸತ್ರು?"